ಮೊದಲನೇ ಅಮ್ಮ ಯಾರು?

ಮೊನ್ನೆ ರಾತ್ರಿ ಮಲಗುವ ಹೊತ್ತಿಗೆ ಮಗಳು ಬೆರಳು ಮಡಚಿಕೊಂಡು ಏನೋ ಲೆಕ್ಕ ಹಾಕುತ್ತಿದ್ದಳು. ಅವಳಿಗೀಗ ಏಳು ವರ್ಷ. "ನನ್ನ ಅಮ್ಮ ನೀನು. ನಿನ್ನ ಅಮ್ಮ ಅಜ್ಜಿ. ಅಜ್ಜಿಯ ಅಮ್ಮ ಮುತ್ತಜ್ಜಿ. ಮುತ್ತಜ್ಜಿಗೂ ಅಮ್ಮ ಇದ್ದಳು ಅಲ್ವಾ?" ಹೌದು ಅಂದೆ. "ಅವಳಿಗೂ ಒಬ್ಬಳು ಇದ್ದಳು. ಹಾಗೇ ಹೋಗ್ತಾ ಹೋಗ್ತಾ, ಎಲ್ಲರಿಗಿಂತ ಮೊದಲನೇ ಅಮ್ಮ ಯಾರು?"

ಹಾಗೆ ಒಬ್ಬಳು ಇರಲಿಲ್ಲ ಅಂತ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ನಾಳೆ ಹೇಳ್ತೀನಿ, ಮಲಕೋ ಅಂದೆ. ಅವಳು ಮಲಗಿದಳು, ನನಗೆ ನಿದ್ದೆ ಬರಲಿಲ್ಲ.

ಮನುಷ್ಯನ ಹುಟ್ಟಿನ ಬಗ್ಗೆ ನಾನು ವರ್ಷಗಳಿಂದ ಓದುತ್ತಿದ್ದೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ. ಓದುತ್ತಾ ಹೋದ ಹಾಗೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪುರಾಣದ ಉತ್ತರವನ್ನು ವಿಜ್ಞಾನ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಪುರಾಣ ಕಲಿಸಿಕೊಟ್ಟ ಪ್ರಶ್ನೆ ಅಷ್ಟು ಸುಲಭಕ್ಕೆ ಬಿಟ್ಟುಹೋಗಲಿಲ್ಲ. ಮೊದಲನೆಯವರು ಯಾರು? ಯಾವ ಜಾಗದಲ್ಲಿ? ಯಾವತ್ತು? ಈ ಮೂರನ್ನೂ ಮೊದಲು ಕೇಳಿದ್ದು ಕತೆ ಹೇಳುವವರು. ಆಮೇಲೆ ಬಂದವರು ಅದೇ ಪ್ರಶ್ನೆಗಳನ್ನು ಹಿಡಿದುಕೊಂಡೇ ಮಣ್ಣು ಅಗೆದರು.

ನನಗೆ ತುಂಬ ಕಾಡುವುದು ಒಂದು ಗುಹೆಯ ಕತೆ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಗವರ್ ಅನ್ನುವ ಕಡಲಂಚಿನ ಜಾಗ ಇದೆ. ಅಲ್ಲಿನ ಪಾವಿಲ್ಯಾಂಡ್ ಗುಹೆಗೆ 1823ರ ಜನವರಿಯಲ್ಲಿ ವಿಲಿಯಂ ಬಕ್‌ಲ್ಯಾಂಡ್ ಬಂದರು. ಆಕ್ಸ್‌ಫರ್ಡ್‌ನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದವರು, ಜೊತೆಗೆ ಪಾದ್ರಿ. ಗುಹೆಯ ಮಣ್ಣಿನಲ್ಲಿ ಅವರಿಗೆ ಒಂದು ಅಸ್ಥಿಪಂಜರ ಸಿಕ್ಕಿತು. ತಲೆಬುರುಡೆ ಇರಲಿಲ್ಲ. ಮೂಳೆಗಳೆಲ್ಲ ಕೆಂಪು ಕೆಂಪು. ಹೂಳುವಾಗ ಯಾರೋ ಮೈಮೇಲೆಲ್ಲ ಕೆಮ್ಮಣ್ಣು ಹಾಕಿದ್ದರು. ತೊಡೆಯ ಹತ್ತಿರ ಒಂದು ಹಿಡಿ ಸಣ್ಣ ಸಣ್ಣ ಕಡಲ ಚಿಪ್ಪುಗಳಿದ್ದವು. ಪಕ್ಕದಲ್ಲಿ ದಂತದ ಕಡ್ಡಿಗಳು, ದಂತದ ಬಳೆಯಂಥ ಚೂರುಗಳು. ಅದೇ ಗುಹೆಯಲ್ಲಿ ಮ್ಯಾಮತ್‌ನ ತಲೆಬುರುಡೆಯೂ ಇತ್ತು. ಮ್ಯಾಮತ್ ಅಂದರೆ ಅಳಿದುಹೋದ, ಮೈತುಂಬ ಕೂದಲಿದ್ದ ಆನೆ.

ಇಷ್ಟೂ ಕಣ್ಣೆದುರಿಗಿದೆ. ಈಗಿನ ಯಾರಾದರೂ ನೋಡಿದರೆ ಈ ಮನುಷ್ಯ ಮ್ಯಾಮತ್‌ಗಳ ಕಾಲದವನಿರಬಹುದು ಅಂತಲೇ ಯೋಚಿಸುತ್ತಾರೆ. ಬಕ್‌ಲ್ಯಾಂಡ್‌ಗೆ ಆ ಯೋಚನೆಗೆ ದಾರಿಯೇ ಇರಲಿಲ್ಲ. ಆ ಪ್ರಾಣಿಗಳೆಲ್ಲ ಬೈಬಲಿನಲ್ಲಿ ಬರುವ ನೋಹನ ಜಲಪ್ರಳಯಕ್ಕಿಂತ ಮುಂಚಿನವು, ಅಂಥ ಕಾಲದ ಮನುಷ್ಯರ ಮೂಳೆ ಇಲ್ಲಿ ಸಿಗುವುದು ಸಾಧ್ಯವಿಲ್ಲ ಅಂತ ಅವರು ನಂಬಿದ್ದರು. ಹಾಗಾಗಿ ಬೇರೆ ಕತೆ ಬೇಕಾಯಿತು. ಮೊದಲು ಇವನು ಗಂಡಸು, ಕಳ್ಳಸಾಗಣೆಯವರ ಕೈಯಲ್ಲಿ ಸತ್ತ ಸುಂಕದ ಅಧಿಕಾರಿ ಇರಬಹುದು ಅಂದುಕೊಂಡರು. ಆಮೇಲೆ ಹೆಂಗಸು ಅಂದರು. ಗುಡ್ಡದ ಮೇಲೆ ಹಳೆಯ ಕೋಟೆಯ ಗುರುತಿತ್ತು. ಅದು ರೋಮನ್ನರ ಕಾಲದ್ದು, ಅಲ್ಲಿನ ಸೈನಿಕರನ್ನು ನಂಬಿಕೊಂಡು ಬದುಕಿದ ಹೆಂಗಸು ಇವಳು ಅಂತ ತೀರ್ಮಾನ ಮಾಡಿದರು. ಹಾಗಾದರೆ ದಂತ? ಗುಹೆಯಲ್ಲಿ ಮೊದಲೇ ಬಿದ್ದಿದ್ದ ಹಳೆಯ ಕೋರೆಯನ್ನು ತೆಗೆದು ಕೆತ್ತಿಕೊಂಡಿರಬೇಕು. ಎಲ್ಲವೂ ಸರಿಹೊಂದಿತು. 'ಪಾವಿಲ್ಯಾಂಡಿನ ಕೆಂಪು ಹೆಂಗಸು' ಅಂತ ಹೆಸರು ಬಿತ್ತು.

ಆ ಮೂಳೆಗಳು ಒಬ್ಬ ಯುವಕನವು. ಅವನು ಬದುಕಿದ್ದು ಸುಮಾರು 33,000 ವರ್ಷಗಳ ಹಿಂದೆ.

ಬಕ್‌ಲ್ಯಾಂಡ್ ದಡ್ಡರಾಗಿರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಇದಕ್ಕೆ ಸ್ವಲ್ಪ ಮುಂಚೆ ಯಾರ್ಕ್‌ಷೈರಿನ ಕಿರ್ಕ್‌ಡೇಲ್ ಗುಹೆಯಲ್ಲಿ ರಾಶಿ ರಾಶಿ ಮೂಳೆ ಸಿಕ್ಕಾಗ, ಪ್ರವಾಹದಲ್ಲಿ ತೇಲಿಬಂದವು ಅಂತ ಅವರು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಬದುಕಿದ್ದ ಕತ್ತೆಕಿರುಬವೊಂದಕ್ಕೆ ಮೂಳೆ ಹಾಕಿ, ಅದು ಅಗಿದು ಬಿಟ್ಟ ತುಂಡುಗಳನ್ನೂ ಗುಹೆಯ ಮೂಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಲ್ಲಿನ ಗುರುತು ಒಂದೇ ಥರ ಇತ್ತು. ಆ ಗುಹೆ ಒಂದು ಕಾಲಕ್ಕೆ ಕತ್ತೆಕಿರುಬಗಳ ಗೂಡಾಗಿತ್ತು ಅಂತ ತೋರಿಸಿಕೊಟ್ಟರು. ಅಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣು ಅದು. ಪ್ರಾಣಿಯ ಮೂಳೆಯ ಮುಂದೆ ತೆರೆದಿದ್ದ ಕಣ್ಣು ಮನುಷ್ಯನ ಮೂಳೆಯ ಮುಂದೆ ಮುಚ್ಚಿಕೊಂಡಿತು. ಅದಕ್ಕೇ ಈ ಕತೆ ನನ್ನನ್ನು ಬಿಡುವುದಿಲ್ಲ. ಜಾಣರಿಗೂ ಹೀಗಾಗುತ್ತದೆ ಅಂದರೆ ನನಗೆ ಎಲ್ಲೆಲ್ಲಿ ಹೀಗಾಗಿದೆಯೋ ಏನೋ.

ಕಾಲದ ವಿಷಯದಲ್ಲಿ ಆ ನಂಬಿಕೆಯ ಬಿಗಿ ಎಷ್ಟಿತ್ತು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 1650ರಲ್ಲಿ ಜೇಮ್ಸ್ ಅಶರ್ ಅನ್ನುವ ಐರಿಷ್ ಆರ್ಚ್‌ಬಿಷಪ್ ಬೈಬಲಿನ ವಂಶಾವಳಿಗಳನ್ನೂ ಹಳೆಯ ರಾಜರ ಕಾಲಗಣನೆಯನ್ನೂ ಸೇರಿಸಿ ಲೆಕ್ಕ ಹಾಕಿ, ಸೃಷ್ಟಿ ಆದದ್ದು ಕ್ರಿ.ಪೂ. 4004ರಲ್ಲಿ ಅಂದರು. ಅವರ ಲೆಕ್ಕವನ್ನು ಇಂಗ್ಲಿಷ್ ಬೈಬಲಿನ ಅಂಚಿನಲ್ಲೇ ಅಚ್ಚು ಹಾಕುವ ರೂಢಿ ಬಂತು. ಅದಕ್ಕಿಂತ ಹಿಂದೆ ಮನುಷ್ಯನನ್ನು ಇಡಬೇಕು ಅಂದರೆ ಪವಿತ್ರ ಪುಸ್ತಕದ ಅಂಚನ್ನೇ ದಾಟಬೇಕು. ದಾಟಲು ಹೋದವರೂ ಇದ್ದರು. ಫ್ರಾನ್ಸಿನ ಇಸಾಕ್ ಲಾ ಪೆರೇರ್ 1655ರಲ್ಲಿ ಬೈಬಲಿನ ಮೊದಲ ಮನುಷ್ಯ ಆದಾಮನಿಗಿಂತ ಮುಂಚೆಯೂ ಮನುಷ್ಯರಿದ್ದರು ಅಂತ ಬರೆದರು. ಬೈಬಲನ್ನು ತಳ್ಳಿಹಾಕಿ ಬರೆದದ್ದಲ್ಲ, ಅಕ್ಷರ ಅಕ್ಷರ ಓದಿಯೇ ಬರೆದದ್ದು. ತಮ್ಮನನ್ನು ಕೊಂದ ಆದಾಮನ ಮಗ ಕಾಯಿನ ಊರು ಬಿಟ್ಟು ಹೋಗುವಾಗ ಕಂಡವರು ತನ್ನನ್ನು ಕೊಲ್ಲುತ್ತಾರೆ ಅಂತ ಹೆದರುತ್ತಾನಲ್ಲ, ಆ 'ಕಂಡವರು' ಯಾರು? ಅವನ ಹೆಂಡತಿ ಎಲ್ಲಿಂದ ಬಂದಳು? ನನ್ನ ಮಗಳು ಕೇಳುವಂಥ ಪ್ರಶ್ನೆ. ಪ್ಯಾರಿಸ್‌ನಲ್ಲಿ ಆ ಪುಸ್ತಕವನ್ನು ಸುಟ್ಟರು. ಅವರನ್ನು ಹಿಡಿದು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವ ಹಾಗೆ ಮಾಡಿದರು.

ಕಾಲದ ಬಿಗಿ 19ನೇ ಶತಮಾನದ ಮಧ್ಯದಲ್ಲಿ ಸಡಿಲವಾಯಿತು. 1858ರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಗುಹೆಯಲ್ಲಿ, ಒಡೆಯದ ಪದರದ ಕೆಳಗೆ, ಅಳಿದುಹೋದ ಪ್ರಾಣಿಗಳ ಮೂಳೆಯ ಜೊತೆಗೇ ಕಲ್ಲಿನ ಆಯುಧಗಳು ಸಿಕ್ಕವು. ಕೆಲವೇ ವರ್ಷಗಳಲ್ಲಿ ಮನುಷ್ಯ ಬಹಳ ಹಳಬ ಅನ್ನುವುದನ್ನು ವಿದ್ವಾಂಸರು ಒಪ್ಪಿದರು. ಆದರೆ ಇನ್ನೊಂದು ನಂಬಿಕೆ ಇಷ್ಟು ಬೇಗ ಹೋಗಲಿಲ್ಲ. ಅದು ಮಾಡಿದ ಹಾನಿ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಬೈಬಲಿನ ಪ್ರಕಾರ ಪ್ರಳಯದ ನಂತರ ಲೋಕ ತುಂಬಿದ್ದು ನೋಹನ ಮೂವರು ಮಕ್ಕಳಿಂದ. ಶೇಮ್, ಹಾಮ್, ಯೆಫೆತ್. ಯೂರೋಪಿನ ವಿದ್ವಾಂಸರು ಜಗತ್ತಿನ ಜನರನ್ನೆಲ್ಲ ಈ ಮೂರು ಗೂಡಿಗೆ ಹಂಚುತ್ತಾ ಕೂತರು. ಭಾಷೆಗಳ ಅಧ್ಯಯನವೂ ಇದೇ ಚೌಕಟ್ಟಿನಲ್ಲಿ ಬೆಳೆಯಿತು. 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಬೇರು ಇರಬೇಕು ಅಂತ ವಿಲಿಯಂ ಜೋನ್ಸ್ ಹೇಳಿದ್ದು ಎಲ್ಲರಿಗೂ ಗೊತ್ತು. ಅದೇ ಜೋನ್ಸ್ ಆಮೇಲಿನ ಭಾಷಣಗಳಲ್ಲಿ ಈ ಜನಾಂಗಗಳನ್ನು ನೋಹನ ಮಕ್ಕಳಿಗೆ ಜೋಡಿಸಿದ್ದನ್ನು ನಾವು ಜಾಸ್ತಿ ನೆನಪಿಸಿಕೊಳ್ಳುವುದಿಲ್ಲ. ಭಾರತೀಯರನ್ನೂ ಗ್ರೀಕರನ್ನೂ ಅವರು ಸೇರಿಸಿದ್ದು ಹಾಮ್‌ನ ಕಡೆಗೆ. ಸೆಮಿಟಿಕ್ ಅನ್ನುವ ಪದ ಇವತ್ತಿಗೂ ಇದೆಯಲ್ಲ, ಅದು ಶೇಮ್‌ನ ಹೆಸರು. ಮನುಷ್ಯರನ್ನು ಐದು ಬಗೆಯಾಗಿ ವಿಂಗಡಿಸಿದ ಜರ್ಮನಿಯ ಬ್ಲೂಮೆನ್‌ಬಾಖ್ 1795ರಲ್ಲಿ ಬಿಳಿಯರಿಗೆ ಕಕೇಸಿಯನ್ ಅಂತ ಹೆಸರಿಟ್ಟರು. ಅವರ ಸಂಗ್ರಹದಲ್ಲಿ ಜಾರ್ಜಿಯಾದ ಹೆಂಗಸಿನ ಒಂದು ತಲೆಬುರುಡೆ ಇತ್ತು. ಅದೇ ಎಲ್ಲಕ್ಕಿಂತ ಚೆಂದ, ಮನುಷ್ಯ ಮೊದಲು ಹುಟ್ಟಿದ್ದೂ ಆ ಕಾಕಸಸ್ ಬೆಟ್ಟಗಳ ಕಡೆಗೇ ಇರಬೇಕು ಅಂದರು. ನೋಹನ ಹಡಗು ನಿಂತಿತು ಅನ್ನುವ ಅರಾರಾಟ್ ಅಲ್ಲಿಂದ ದೂರವೇನಿಲ್ಲ. ಅವರೇ ಆಫ್ರಿಕನ್ನರ ಬುದ್ಧಿ ಯಾರಿಗೂ ಕಡಿಮೆಯಿಲ್ಲ ಅಂತ ವಾದಿಸಿದವರು, ಆಫ್ರಿಕನ್ನರು ಬರೆದ ಪುಸ್ತಕಗಳನ್ನು ಹುಡುಕಿ ಇಟ್ಟುಕೊಂಡವರು. ಆದರೂ ಉಳಿದದ್ದು ಆ ಹೆಸರು. ಫಾರಂಗಳಲ್ಲಿ, ಆಸ್ಪತ್ರೆಯ ಕಾಗದಗಳಲ್ಲಿ ಇವತ್ತಿಗೂ ಅದು ಕಾಣುತ್ತದೆ.

ಹಾಮ್‌ನ ಕತೆ ಇದಕ್ಕಿಂತ ಕೆಟ್ಟದು. ಬೈಬಲಿನಲ್ಲಿ ನೋಹ ಶಾಪ ಕೊಡುವುದು ಹಾಮ್‌ನ ಮಗ ಕಾನಾನನಿಗೆ. ಆ ಶಾಪವನ್ನು ಕಪ್ಪು ಜನರ ಮೇಲೆ ಹೇರಿ ಗುಲಾಮಗಿರಿಯನ್ನು ಸಮರ್ಥಿಸಿಕೊಂಡರು. ಆಮೇಲೆ 1798ರಲ್ಲಿ ನೆಪೋಲಿಯನ್‌ನ ಸೈನ್ಯ ಈಜಿಪ್ಟಿಗೆ ಹೋಯಿತು. ಅಲ್ಲಿನ ದೇವಾಲಯ, ಸಮಾಧಿಗಳನ್ನು ನೋಡಿ ಯೂರೋಪು ಬೆರಗಾಯಿತು. ಶಾಪಗ್ರಸ್ತರ ಖಂಡದಲ್ಲಿ ಇದು ಹೇಗೆ ಸಾಧ್ಯ? ಉತ್ತರವೂ ಅದೇ ಕತೆಯೊಳಗಿಂದ ಬಂತು. ಹಾಮ್‌ನ ಮಕ್ಕಳು ಕಪ್ಪು ಜನರೇ ಅಲ್ಲ, ಉತ್ತರದಿಂದ ಬಂದ ಬಿಳಿಯರ ಬಳಗ, ಆಫ್ರಿಕಾದಲ್ಲಿ ಒಳ್ಳೆಯದು ಏನಿದೆಯೋ ಎಲ್ಲ ಅವರು ತಂದದ್ದು. 1863ರಲ್ಲಿ ಜಾನ್ ಸ್ಪೀಕ್ ಅನ್ನುವ ಬ್ರಿಟಿಷ್ ಪ್ರವಾಸಿ ಮಧ್ಯ ಆಫ್ರಿಕಾದ ಸರೋವರಗಳ ಸೀಮೆಯ ಆಳುವ ದನಗಾಹಿಗಳನ್ನು ಇಥಿಯೋಪಿಯಾದ ಕಡೆಯಿಂದ ಬಂದ ಮೇಲಿನ ಜನಾಂಗ ಅಂತ ಬರೆದರು. ಇದು ವಿಜ್ಞಾನದ ವೇಷದಲ್ಲಿ ಪಠ್ಯಪುಸ್ತಕಗಳಿಗೆ ಹೋಯಿತು. ರುವಾಂಡಾವನ್ನು ಆಳಿದ ಬೆಲ್ಜಿಯನ್ನರು ಅಲ್ಲಿನ ಟುಟ್ಸಿ ಜನರನ್ನು ಹಾಮ್‌ನ ಸಂತತಿ ಅಂದರು, 1930ರ ದಶಕದಲ್ಲಿ ಪ್ರತಿಯೊಬ್ಬರ ಕೈಗೂ ಹುಟು, ಟುಟ್ಸಿ, ಟ್ವಾ ಅಂತ ಬರೆದ ಗುರುತಿನ ಚೀಟಿ ಕೊಟ್ಟರು.

1992ರಲ್ಲಿ ರುವಾಂಡಾದ ಒಬ್ಬ ರಾಜಕಾರಣಿ ಒಂದು ಸಭೆಯಲ್ಲಿ ಟುಟ್ಸಿಗಳ ಊರು ಇಥಿಯೋಪಿಯಾ, ಅವರನ್ನು ನ್ಯಾಬರೊಂಗೊ ಹೊಳೆಯ ದಾರಿಯಲ್ಲಿ ಬೇಗ ತಲುಪಿಸುತ್ತೇವೆ ಅನ್ನುವ ಅರ್ಥದ ಮಾತಾಡಿದ. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರನ್ನು, ಬಹುಪಾಲು ಟುಟ್ಸಿಗಳನ್ನು, ಕೊಂದರು. ಹೊಳೆಯಲ್ಲಿ ಹೆಣಗಳು ತೇಲಿದವು. ಕೊಲ್ಲುವ ಮುಂಚೆ ನೋಡುತ್ತಿದ್ದದ್ದು ಗುರುತಿನ ಚೀಟಿ.

ಆ ಕೊಲೆಗಳಿಗೆ ನೂರು ಕಾರಣಗಳಿವೆ. ಅಧಿಕಾರ, ಭೂಮಿ, ಯುದ್ಧ, ಭಯ. ಒಂದು ಹಳೆಯ ಕತೆಯ ತಲೆಗೇ ಎಲ್ಲವನ್ನೂ ಕಟ್ಟುವುದು ಸರಿಯಲ್ಲ. ಆದರೆ 'ನೀವು ಈ ಮಣ್ಣಿನವರಲ್ಲ' ಅನ್ನುವ ಮಾತಿಗೆ ಬೇಕಾದ ಪದಗಳನ್ನು ಕೊಟ್ಟದ್ದು ಮೂಲ ಹುಡುಕಲು ಹೊರಟ ವಿದ್ವಾಂಸರು.

ಇಲ್ಲಿಗೆ ಬಂದಾಗ ಹಿಂದೆಲ್ಲ ನಾನು ಧಾರ್ಮಿಕ ನಂಬಿಕೆ ಬಂದಲ್ಲೆಲ್ಲ ವಿಜ್ಞಾನ ಕೆಟ್ಟಿತು ಅಂತ ತೀರ್ಪು ಕೊಟ್ಟುಬಿಡುತ್ತಿದ್ದೆ. ಈಗ ಹಾಗೆ ಹೇಳಲಾರೆ. ಅದೇ 19ನೇ ಶತಮಾನದ ಅಮೆರಿಕದಲ್ಲಿ ಇನ್ನೊಂದು ಜಗಳ ನಡೆಯಿತು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ನೂರಾರು ತಲೆಬುರುಡೆ ಸಂಗ್ರಹಿಸಿ, ಅವುಗಳೊಳಗೆ ಮೊದಲು ಸಾಸಿವೆ ಕಾಳು, ಆಮೇಲೆ ಸೀಸದ ಗುಂಡು ತುಂಬಿ ಅಳತೆ ಮಾಡಿದರು. ಜನಾಂಗಗಳು ಬೇರೆ ಬೇರೆಯಾಗಿಯೇ ಹುಟ್ಟಿದವು ಅನ್ನುವ ಕಡೆಗೆ ವಾಲಿದರು. ಹಾರ್ವರ್ಡಿನ ಲೂಯಿ ಅಗಾಸಿಯೂ ಅದನ್ನೇ ಹೇಳಿದರು. ಆ ಕಾಲಕ್ಕೆ ಹೊಸ ವಿಜ್ಞಾನ ಅನ್ನಿಸಿಕೊಂಡದ್ದು ಇದು. ಎದುರಿಗೆ ನಿಂತು ಎಲ್ಲರೂ ಒಂದೇ ತಂದೆತಾಯಿಯ ಮಕ್ಕಳು ಅಂದವರಲ್ಲಿ ಆದಾಮನನ್ನು ನಂಬಿದವರೇ ಜಾಸ್ತಿ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1854ರಲ್ಲಿ ಓಹಯೋದ ಒಂದು ಕಾಲೇಜಿನಲ್ಲಿ ನಿಂತು ಆ ವಿದ್ವಾಂಸರ ವಾದಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಬೈಬಲನ್ನೂ ಹಿಡಿದರು, ಈಜಿಪ್ಟಿನ ಇತಿಹಾಸವನ್ನೂ ಹಿಡಿದರು. ಇವತ್ತಿನ ಡಿಎನ್‌ಎ ಸಾಕ್ಷಿ ಇಟ್ಟು ನೋಡಿದರೆ ಗೆದ್ದದ್ದು ಡಗ್ಲಸ್. ಒಂದೇ ಮೂಲದ ಹಳೆಯ ನಂಬಿಕೆ ಆ ಹೊತ್ತಿಗೆ ಒಂದು ದೊಡ್ಡ ಸತ್ಯವನ್ನು ಜೋಪಾನ ಮಾಡಿತ್ತು.

ಬೈಬಲಿನದ್ದಲ್ಲದ ಇನ್ನೊಂದು ಹಳೆಯ ಚಿತ್ರ ಇದೆ. ಏಣಿ. ಅರಿಸ್ಟಾಟಲ್‌ನ ಕಾಲದಿಂದ ಬಂದದ್ದು. ಕೆಳಗೆ ಗಿಡ, ಮೇಲೆ ಪ್ರಾಣಿ, ಅದರ ಮೇಲೆ ಮನುಷ್ಯ. ಕ್ರೈಸ್ತ ಯೂರೋಪು ಅದರ ಮೇಲೆ ದೇವತೆಗಳನ್ನು ಕೂರಿಸಿತು. ಮೆಟ್ಟಿಲುಗಳ ನಡುವೆ ಖಾಲಿ ಜಾಗ ಇರಬಾರದು. ಹಾಗಾಗಿ ಪ್ರಾಣಿಗೂ ಮನುಷ್ಯನಿಗೂ ನಡುವೆ ಏನೋ ಇರಲೇಬೇಕು. 1699ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್ ಸತ್ತ ಮರಿ ಚಿಂಪಾಂಜಿಯೊಂದನ್ನು ಕೊಯ್ದು ನೋಡಿ, ಅದು ಮನುಷ್ಯನನ್ನು ಹೋಲುವ 48 ಅಂಶ, ಕೋತಿಯನ್ನು ಹೋಲುವ 34 ಅಂಶ ಪಟ್ಟಿ ಮಾಡಿದರು. ಕೆಲಸ ಅಷ್ಟು ಚೊಕ್ಕ. ಆದರೆ ಜೊತೆಗಿರುವ ಚಿತ್ರ ನೋಡಬೇಕು. ಚಿಂಪಾಂಜಿ ನೆಟ್ಟಗೆ ನಿಂತಿದೆ, ಕೈಯಲ್ಲಿ ಊರುಗೋಲು. ಮನುಷ್ಯನ ಕೆಳಗಿನ ಮೆಟ್ಟಿಲಿನದ್ದು ಎರಡು ಕಾಲಿನ ಮೇಲೆ ನಿಲ್ಲಬೇಕು, ಅದಕ್ಕೆ ಕೋಲು ಕೊಟ್ಟು ನಿಲ್ಲಿಸಿದರು.

ಡಾರ್ವಿನ್ ಬಂದ ಮೇಲೆ ಏಣಿ ಹೋಗಬೇಕಿತ್ತು. ಅವರು ಹೇಳಿದ್ದು ಕೊಂಬೆ ಕೊಂಬೆಯಾಗಿ ಕವಲೊಡೆಯುವ ಮರ. ಆದರೆ ಜನರ ಮನಸ್ಸಿನಲ್ಲಿ ಏಣಿಯೇ ಉಳಿಯಿತು, ಸ್ವಲ್ಪ ಬಗ್ಗಿ ಮಲಗಿತು ಅಷ್ಟೇ. ಕೋತಿಯಿಂದ ಶುರುವಾಗಿ ಒಬ್ಬರ ಹಿಂದೊಬ್ಬರು ನಡೆಯುತ್ತಾ, ಬೆನ್ನು ನೆಟ್ಟಗಾಗುತ್ತಾ ಬರುವ ಆ ಸಾಲು ಚಿತ್ರ ಎಲ್ಲರಿಗೂ ಗೊತ್ತು. 1965ರಲ್ಲಿ ಅದನ್ನು ಬರೆದದ್ದು ರುಡಾಲ್ಫ್ ಜಾಲಿಂಗರ್. ದಶಾವತಾರವೇ ವಿಕಾಸವಾದ ಅನ್ನುವ ಮಾತಿನಲ್ಲೂ ಇರುವುದು ಅದೇ ಏಣಿ. ಡಾರ್ವಿನ್ ಬದುಕಿದ್ದಾಗಲೇ, 1877ರಲ್ಲಿ, ಥಿಯಾಸಾಫಿಕಲ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಮೇಡಂ ಬ್ಲಾವಟ್ಸ್ಕಿ ಇದನ್ನು ಬರೆದಿದ್ದರು. ಮೀನು, ಆಮೆ, ಹಂದಿ, ಆಮೇಲೆ ಮನುಷ್ಯ. ಚಿಕ್ಕವಳಿದ್ದಾಗ ಕೇಳಿ ನನಗೂ ರೋಮಾಂಚನ ಆಗಿತ್ತು. ಆದರೆ ಮೀನು ಇವತ್ತಿಗೂ ನೀರಿನಲ್ಲಿ ತನ್ನ ಪಾಡಿಗೆ ತಾನು ಬದಲಾಗುತ್ತಾ ಇದೆ. ನಾವಾಗುವುದಕ್ಕೆ ಅದು ಕಾಯುತ್ತಿಲ್ಲ.

ಏಣಿಯಲ್ಲಿ ನಮ್ಮನ್ನು ಮೇಲಕ್ಕೆ ಏರಿಸಿದ್ದು ಯಾವುದು? ಬುದ್ಧಿ ಅಥವಾ ಆತ್ಮ. ಇದು ತುಂಬ ಹಳೆಯ ನಂಬಿಕೆ. ವಿಜ್ಞಾನಿಗಳ ಬಾಯಲ್ಲಿ ಅದು ಮಿದುಳು ಅಂತ ಆಯಿತು. ಮೊದಲು ಮಿದುಳು ದೊಡ್ಡದಾಗಿರಬೇಕು, ಉಳಿದದ್ದೆಲ್ಲ ಆಮೇಲೆ. 1912ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪಿಲ್ಟ್‌ಡೌನ್ ಮಾನವನನ್ನು ತೋರಿಸಿದಾಗ ದೊಡ್ಡ ದೊಡ್ಡವರೇ ನಂಬಿದ್ದು ಇದಕ್ಕೇ. ಮನುಷ್ಯನಂಥ ದೊಡ್ಡ ತಲೆಬುರುಡೆ, ವಾನರನಂಥ ದವಡೆ. ಹೇಗಿರಬೇಕು ಅಂತ ಕಾಯುತ್ತಿದ್ದರೋ ಹಾಗೆಯೇ ಇತ್ತು, ಅದೂ ಇಂಗ್ಲೆಂಡಿನ ಮಣ್ಣಿನಲ್ಲಿ. 1953ರಲ್ಲಿ ಪರೀಕ್ಷೆ ಮಾಡಿದಾಗ ದವಡೆ ಒರಾಂಗುಟಾನ್‌ನದ್ದು, ಹಲ್ಲುಗಳನ್ನು ಅರದಿಂದ ಉಜ್ಜಿದ್ದಾರೆ, ಮೂಳೆಗೆ ಬಣ್ಣ ಕಟ್ಟಿದ್ದಾರೆ ಅಂತ ಗೊತ್ತಾಯಿತು. ಆ ಉಜ್ಜಿದ ಗೀರುಗಳು 41 ವರ್ಷವೂ ಅಲ್ಲೇ ಇದ್ದವು.

ಆ ನಡುವೆ ನಿಜವಾದ ಸಾಕ್ಷಿ ಸಿಕ್ಕಿತ್ತು. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಅನ್ನುವಲ್ಲಿಂದ, ದೇಹರಚನೆಯ ಪಾಠ ಹೇಳುತ್ತಿದ್ದ ರೇಮಂಡ್ ಡಾರ್ಟ್ ಅವರ ಮನೆಗೆ ಕಲ್ಲು ತುಂಬಿದ ಪೆಟ್ಟಿಗೆಗಳು ಬಂದವು. ಡಾರ್ಟ್ ಆ ಹೊತ್ತಿಗೆ ಸ್ನೇಹಿತನ ಮದುವೆಗೆ ತಯಾರಾಗುತ್ತಿದ್ದರಂತೆ. ಆಮೇಲೆ ವಾರಗಟ್ಟಲೆ ಕೂತು, ಹೆಂಡತಿಯ ಹೆಣಿಗೆ ಕಡ್ಡಿಯಿಂದಲೇ ಕಲ್ಲನ್ನು ಕೆರೆದು ಕೆರೆದು ಒಂದು ಮಗುವಿನ ಮುಖ ಹೊರತೆಗೆದರು. ಇನ್ನೂ ಹಾಲುಹಲ್ಲು ಬಾಯಲ್ಲೇ ಇದ್ದ ಮಗು. ಮಿದುಳು ಚಿಕ್ಕದು, ವಾನರನಷ್ಟೇ. ಆದರೆ ಬೆನ್ನುಹುರಿ ತಲೆಗೆ ಸೇರುವ ತೂತು ಬುರುಡೆಯ ತಳದಲ್ಲಿತ್ತು. ಅಂದರೆ ತಲೆ ನೆಟ್ಟಗೆ ಕೂತಿತ್ತು, ಮಗು ಎರಡು ಕಾಲಿನಲ್ಲಿ ನಡೆಯುತ್ತಿತ್ತು. 1925ರ ಫೆಬ್ರವರಿಯಲ್ಲಿ ಡಾರ್ಟ್ ಇದನ್ನು ಪ್ರಕಟಿಸಿದರು. ಲಂಡನ್ನಿನ ವಿದ್ವಾಂಸರು ಒಪ್ಪಲಿಲ್ಲ. ಮಿದುಳು ಸಣ್ಣದು, ಜಾಗ ಆಫ್ರಿಕಾ, ಎರಡೂ ಅವರ ಕತೆಗೆ ಹೊಂದಲಿಲ್ಲ. ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಒಂದು ಮನುಷ್ಯನ ಮೂಲ ಹುಡುಕುತ್ತಾ ಗೋಬಿ ಮರುಭೂಮಿಗೆ ಹೋಗಿತ್ತು, ಸಿಕ್ಕಿದ್ದು ಡೈನೋಸಾರ್ ಮೊಟ್ಟೆ. ಗೊರಿಲ್ಲಾ, ಚಿಂಪಾಂಜಿ ಇರುವುದು ಆಫ್ರಿಕಾದಲ್ಲಿ, ನಮ್ಮ ಪೂರ್ವಜರೂ ಅಲ್ಲಿಯವರೇ ಇರಬಹುದು ಅಂತ ಡಾರ್ವಿನ್ 1871ರಲ್ಲೇ ಬರೆದಿದ್ದರು. ಟೌಂಗ್ ಮಗುವನ್ನು ನಮ್ಮ ಬಳಗಕ್ಕೆ ಸೇರಿಸಿಕೊಳ್ಳಲು ಎರಡು ದಶಕಕ್ಕಿಂತ ಜಾಸ್ತಿ ಬೇಕಾಯಿತು.

1978ರಲ್ಲಿ ಮೇರಿ ಲೀಕಿ ಅವರ ತಂಡ ಟಾಂಜಾನಿಯಾದ ಲೇಟೋಲಿಯಲ್ಲಿ ಹೆಜ್ಜೆ ಗುರುತುಗಳ ಸಾಲೊಂದನ್ನು ಬಿಡಿಸಿತು. ಜ್ವಾಲಾಮುಖಿಯ ಬೂದಿ ಒದ್ದೆಯಾಗಿದ್ದಾಗ ಯಾರೋ ನಡೆದುಹೋಗಿದ್ದರು. ಹಿಮ್ಮಡಿ, ಅಂಗಾಲಿನ ಬಾಗು, ಹೆಬ್ಬೆರಳು, ಎಲ್ಲ ನಮ್ಮ ಹಾಗೇ. ಒಂದು ಜೊತೆ ಹೆಜ್ಜೆ ದೊಡ್ಡದು, ಪಕ್ಕದ್ದು ಚಿಕ್ಕದು. ವಯಸ್ಸು ಸುಮಾರು 36 ಲಕ್ಷ ವರ್ಷ. ಆಗಿನವರ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟು. ಮೊದಲು ಬಂದದ್ದು ಕಾಲು.

ಅಳಿದುಹೋದ ಇನ್ನೊಂದು ಬಗೆಯ ಮನುಷ್ಯರಾದ ನಿಯಾಂಡರ್ತಾಲರಿಗೂ ಇದೇ ಏಣಿಯಿಂದ ಅನ್ಯಾಯ ಆಯಿತು. 1908ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಅವರ ಒಂದು ಅಸ್ಥಿಪಂಜರವನ್ನು ಮಾರ್ಸೆಲಾಂ ಬೂಲ್ ಕೂನು ಬೆನ್ನಿನ, ಮಂಡಿ ಮಡಚಿ ನಡೆಯುವ ಮೃಗದಂತೆ ವರ್ಣಿಸಿದರು. 1957ರಲ್ಲಿ ಇಬ್ಬರು ಮತ್ತೆ ಪರೀಕ್ಷೆ ಮಾಡಿದಾಗ ಅವನು ಕೀಲುವಾತದಿಂದ ನರಳಿದ್ದ ವಯಸ್ಸಾದ ಮನುಷ್ಯ ಅಂತ ಸ್ಪಷ್ಟವಾಯಿತು. ಹಲ್ಲುಗಳು ಬಹುಪಾಲು ಉದುರಿದ್ದವು. ಬೆನ್ನು ನೋವಿನ ಮುದುಕನನ್ನು ಅರ್ಧ ಶತಮಾನ ಮೃಗ ಅಂದಿದ್ದೆವು. 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ ನಿಯಾಂಡರ್ತಾಲರ ಡಿಎನ್‌ಎ ಓದಿತು. ಆಫ್ರಿಕಾದ ಹೊರಗಿನವರೆಲ್ಲರ ಮೈಯಲ್ಲೂ ಅದರ ಒಂದೆರಡು ಶೇಕಡಾ ಇದೆ. ನನ್ನಲ್ಲಿ ಇದೆ. ಮಗಳಲ್ಲೂ ಇದೆ.

ನಂಬಿಕೆ ಕಣ್ಣು ತೆರೆಸಿದ್ದೂ ಉಂಟು ಅಂದೆನಲ್ಲ. ಜಪಾನಿನ ಉದಾಹರಣೆ ನನಗೆ ಬಹಳ ಇಷ್ಟ. 1948ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಇಮಾನಿಶಿ ಕಿಂಜಿ ಮತ್ತು ಅವರ ವಿದ್ಯಾರ್ಥಿಗಳು ಕೋಶಿಮಾ ಅನ್ನುವ ಪುಟ್ಟ ದ್ವೀಪದ ಕೋತಿಗಳನ್ನು ನೋಡಲು ಶುರು ಮಾಡಿದರು. ಒಂದೊಂದು ಕೋತಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಯಾರು ಯಾರ ಮಗಳು, ಯಾರಿಗೆ ಯಾರ ಜೊತೆ ಸ್ನೇಹ ಅಂತ ವರ್ಷಗಟ್ಟಲೆ ಬರೆದಿಟ್ಟರು. ಪಶ್ಚಿಮದ ವಿಜ್ಞಾನಿಗಳಿಗೆ ಇದು ಕಸಿವಿಸಿ. ಪ್ರಾಣಿಗೆ ಹೆಸರಿಡುವುದು ಅಂದರೆ ಮನುಷ್ಯನ ಗುಣ ಅಂಟಿಸಿದ ಹಾಗೆ. 1953ರಲ್ಲಿ ಇಮೋ ಅನ್ನುವ ಮರಿ ಹೆಣ್ಣುಕೋತಿ ಮಣ್ಣಾದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ಅದನ್ನು ಮೊದಲು ಗಮನಿಸಿದ್ದು ಆ ಊರಿನ ಒಬ್ಬ ಹೆಣ್ಣುಮಗಳು. ಇಮೋಳನ್ನು ನೋಡಿ ಜೊತೆಗಾರರು ಕಲಿತರು, ಅಮ್ಮ ಕಲಿತಳು, ವರ್ಷಗಳಲ್ಲಿ ಗುಂಪಿನ ಬಹುಪಾಲು ಕಲಿಯಿತು. ನೋಡಿ ಕಲಿತು ಮುಂದಿನವರಿಗೆ ದಾಟಿಸುವುದು ಮನುಷ್ಯನ ಸ್ವತ್ತು ಅಂದುಕೊಂಡಿದ್ದ ಲೋಕಕ್ಕೆ ಇದು ದೊಡ್ಡ ಸುದ್ದಿ. ಮನುಷ್ಯನಿಗೂ ಪ್ರಾಣಿಗೂ ನಡುವೆ ಗಟ್ಟಿ ಗೋಡೆ ಕಟ್ಟದ ಸಂಸ್ಕೃತಿಯಿಂದ ಬಂದದ್ದರಿಂದಲೇ ಅವರಿಗೆ ಹೀಗೆ ನೋಡಲು ಸಾಧ್ಯವಾಯಿತು ಅಂತ ಎಷ್ಟೋ ಜನ ಬರೆದಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಅವಳು ಬೆರಳು ಮಡಚಿದ ದಾರಿಯಲ್ಲೇ ವಿಜ್ಞಾನಿಗಳೂ ಹೋಗಿದ್ದಾರೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಅನ್ನುವ ಪುಟ್ಟ ಭಾಗದ ಡಿಎನ್‌ಎ ನಮಗೆ ಅಮ್ಮನಿಂದ ಮಾತ್ರ ಬರುತ್ತದೆ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ 147 ಜನರ ಮಾದರಿ ಹೋಲಿಸಿ, ಎಲ್ಲರ ತಾಯಿ ದಾರಿಯೂ ಸುಮಾರು 2 ಲಕ್ಷ ವರ್ಷದ ಹಿಂದಿನ, ಬಹುಶಃ ಆಫ್ರಿಕಾದ ಒಬ್ಬ ಹೆಂಗಸಿನಲ್ಲಿ ಸೇರುತ್ತದೆ ಅಂದರು. ತಕ್ಷಣ ಅವಳಿಗೆ ಈವ್ ಅಂತ ಹೆಸರು ಬಿತ್ತು. ಈವ್ ಅಂದರೆ ಹವ್ವ, ಬೈಬಲಿನ ಏದೆನ್ ತೋಟದ ಮೊದಲ ಹೆಂಗಸು. ಮರುವರ್ಷ ಅಮೆರಿಕದ ವಾರಪತ್ರಿಕೆಯೊಂದರ ಮುಖಪುಟದಲ್ಲಿ ಆದಾಮ-ಹವ್ವರ ಚಿತ್ರವೇ ಬಂತು.

ಆ ಹೆಸರಿನಿಂದ ಎಷ್ಟು ಗೊಂದಲ! ಆ ಹೆಂಗಸು ಮೊದಲನೆಯವಳಲ್ಲ, ಒಬ್ಬಳೇ ಇದ್ದವಳೂ ಅಲ್ಲ. ಅವಳ ಕಾಲದಲ್ಲಿ ಸಾವಿರಾರು ಹೆಂಗಸರಿದ್ದರು. ಅವರಲ್ಲಿ ಎಷ್ಟೋ ಜನರ ರಕ್ತ ನಮ್ಮಲ್ಲಿದೆ. ಆದರೆ ಎಲ್ಲೋ ಒಂದು ಕಡೆ ಅವರಿಗೆ ಬರೀ ಗಂಡುಮಕ್ಕಳಾಗಿ, ಇಲ್ಲ ಮಕ್ಕಳೇ ಇಲ್ಲದೆ, ಅಮ್ಮನಿಂದ ಮಗಳಿಗೆ ಅನ್ನುವ ದಾರಿ ಕಡಿದಿದೆ. ಇವಳದು ಕಡಿಯಲಿಲ್ಲ, ಅಷ್ಟೇ ವಿಶೇಷ. ಅವಳಿಗೂ ಅಮ್ಮ ಇದ್ದಳು. ಈವ್ ಅನ್ನುವ ಬದಲು ಬೇರೆ ಏನಾದರೂ ಅಂದಿದ್ದರೆ ಒಬ್ಬಳೇ ಹೆಂಗಸು, ಒಂದೇ ತೋಟ ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಇಷ್ಟು ಬಲವಾಗಿ ಕೂರುತ್ತಿರಲಿಲ್ಲವೇನೋ.

ತೋಟದ ಹುಡುಕಾಟ ನಿಂತಿಲ್ಲ. 2019ರಲ್ಲೂ ಒಂದು ತಂಡ ಮನುಷ್ಯನ ತವರು ಬೋಟ್ಸ್‌ವಾನಾದ ಉತ್ತರ ಭಾಗ ಅಂತ ಬರೆದು ಟೀಕೆಗೆ ಗುರಿಯಾಯಿತು. ಮೂಳೆಗಳು ಹೇಳುವುದು ಬೇರೆ. 2017ರಲ್ಲಿ ಮೊರಾಕೊದ ಜೆಬೆಲ್ ಇರೂದ್‌ನ ಮೂಳೆಗಳಿಗೆ ಸುಮಾರು 3 ಲಕ್ಷ ವರ್ಷ ಅಂತ ಗೊತ್ತಾಯಿತು. ಮುಖ ಬಹುಮಟ್ಟಿಗೆ ನಮ್ಮದೇ, ತಲೆಯ ಹಿಂಭಾಗ ಇನ್ನೂ ಉದ್ದ. ಅದು ನಮ್ಮವರ ಬೇರೆ ಹಳೆಯ ಮೂಳೆಗಳು ಸಿಕ್ಕ ಇಥಿಯೋಪಿಯಾದಿಂದ, ದಕ್ಷಿಣ ಆಫ್ರಿಕಾದಿಂದ ಸಾವಿರಾರು ಕಿಲೋಮೀಟರ್ ದೂರ. ಇಡೀ ಖಂಡದಲ್ಲಿ ಚದುರಿದ್ದ ಗುಂಪುಗಳು, ಮರುಭೂಮಿ ಹಸಿರಾದಾಗ ಸೇರುತ್ತಾ, ಒಣಗಿದಾಗ ದೂರವಾಗುತ್ತಾ, ಕೊಟ್ಟು ತೆಗೆದುಕೊಳ್ಳುತ್ತಾ ನಾವಾದೆವು ಅಂತ ಎಲೀನರ್ ಸ್ಕೆರಿ ಮತ್ತು ಜೊತೆಗಾರರು 2018ರಲ್ಲಿ ವಾದಿಸಿದರು. ಇದನ್ನು ಓದಿದಾಗ ನನಗೆ ಏನೋ ಕಳೆದುಕೊಂಡ ಹಾಗೆ ಅನ್ನಿಸಿತು. ಒಂದು ಜಾಗ ತೋರಿಸಿ ಇದೇ ಅನ್ನುವ ಆಸೆ ನನಗೂ ಇತ್ತು ಅಂತ ಅವತ್ತೇ ಗೊತ್ತಾದದ್ದು.

ಮರುದಿನ ಮಗಳನ್ನು ಕೂರಿಸಿಕೊಂಡು ಒಂದು ಉದ್ದದ ಹಾಳೆಯಲ್ಲಿ ಅಮ್ಮಂದಿರನ್ನು ಬರೆಯಲು ಹೇಳಿದೆ. ಅವಳು ಸಾಲಾಗಿ ಬರೆಯುತ್ತಾ ಹೋದಳು. ಎಲ್ಲರಿಗೂ ಜಡೆ. ಹಾಳೆಯ ತುದಿಗೆ ಬಂದು ನಿಲ್ಲಿಸಿ, "ಯಾರಿಂದ ಬಾಲ ಬರೀಬೇಕು?" ಅಂತ ಕೇಳಿದಳು. ಬಾಲ ಹೋಗಿಯೇ ಎರಡು ಕೋಟಿ ವರ್ಷಕ್ಕಿಂತ ಜಾಸ್ತಿ ಆಯಿತು, ಈ ಹಾಳೆಗೆ ಅಷ್ಟು ದೂರ ಹೋಗಲು ಆಗುವುದಿಲ್ಲ ಅಂದೆ. ಇಲ್ಲಿರುವ ಯಾವ ಅಮ್ಮನೂ ತನ್ನ ಮಗಳನ್ನು ನೋಡಿ ಇವಳು ನನ್ನ ಥರ ಇಲ್ಲವಲ್ಲ ಅಂದುಕೊಳ್ಳಲಿಲ್ಲ ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. "ಹಾಗಾದ್ರೆ ಮೊದಲನೇ ಅಮ್ಮ ಎಲ್ಲಿ ಅಂತ ಗೆರೆ ಎಳೆಯೋಕೆ ಆಗಲ್ಲ." ನನಗೆ ನಾಲ್ಕು ಪುಟ ಬೇಕಾದದ್ದು ಅವಳಿಗೆ ಒಂದು ವಾಕ್ಯದಲ್ಲಿ ಮುಗಿಯಿತು.

ಆಮೇಲೆ ಗುಹೆಯ ಕತೆ ಹೇಳಿದೆ. ಕೆಂಪು ಮೂಳೆ, ಹಿಡಿ ಚಿಪ್ಪು, ದಂತದ ಕಡ್ಡಿ. ಎರಡು ನೂರು ವರ್ಷದಿಂದ ಅವನನ್ನು ಹೆಂಗಸು ಅಂತಲೇ ಕರೆಯುತ್ತಿದ್ದಾರೆ, ತಪ್ಪು ಅಂತ ಗೊತ್ತಾದ ಮೇಲೂ ಅದೇ ಹೆಸರು ನಿಂತಿದೆ ಅಂದೆ. ಅವಳಿಗೆ ಅದು ಒಂಚೂರೂ ಹಿಡಿಸಲಿಲ್ಲ. ಕೆಂಪು ಬಣ್ಣದ ಪೆನ್ಸಿಲ್ ತೆಗೆದುಕೊಂಡು ಅಮ್ಮಂದಿರ ಸಾಲಿನ ಕೆಳಗೆ ಒಬ್ಬ ಹುಡುಗನನ್ನು ಬರೆದಳು. ತೊಡೆಯ ಹತ್ತಿರ ಚುಕ್ಕಿ ಚುಕ್ಕಿ ಚಿಪ್ಪು ಇಟ್ಟಳು. ಕೆಳಗೆ ಹೆಸರು ಬರೆಯಲು ಹೋಗಿ ನಿಲ್ಲಿಸಿದಳು.

"ಅಮ್ಮಾ, ಅವನಮ್ಮ ಅವನನ್ನ ಏನಂತ ಕರೀತಿದ್ದಳು?"